ದನಗಳ ಉಸಿರಾಟದ ವೈರಸ್ ರೋಗಗಳಿಗೆ ಲಸಿಕೆ: ಯಾವ ದನಕ್ಕೆ, ಯಾವಾಗ, ಹೇಗೆ

"ಲಸಿಕೆ ಹಾಕಿಸಿದ್ದೆ, ಆದ್ರೂ ಕರುಗಳಿಗೆ ನ್ಯುಮೋನಿಯಾ ಬಂತು." ದನ ಸಾಕುವವರ ಬಾಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಅಷ್ಟು ಕೇಳಿದ್ದೇ ತಡ, ಲಸಿಕೆಯೇ ದಂಡ ಅಂತ ಅಂದುಕೊಳ್ಳುವವರೂ ಇದ್ದಾರೆ. ಸ್ವಲ್ಪ ಕೆದಕಿ ಕೇಳಿದರೆ ಕಥೆ ಬೇರೆಯೇ ಇರುತ್ತದೆ. ಎರಡನೇ ಡೋಸ್ ಹಾಕಿಸಿರುವುದಿಲ್ಲ. ಬಾಟಲಿ ಗಂಟೆಗಟ್ಟಲೆ ಬಿಸಿಲಲ್ಲಿ ಕೂತಿರುತ್ತದೆ. ಕರುವನ್ನು ಲಾರಿ ಹತ್ತಿಸುವ ದಿನವೇ ಚುಚ್ಚಿರುತ್ತಾರೆ. ಇಲ್ಲವೇ ಹಾಕಿಸಿದ ಲಸಿಕೆ ಬೇರೆ ರೋಗದ್ದಾಗಿರುತ್ತದೆ.

ಈ ರೋಗಗಳ ವಿಷಯದಲ್ಲಿ ಯಾವ ಕಂಪನಿಯ ಬಾಟಲಿ ಅನ್ನುವುದಕ್ಕಿಂತ ಯಾವ ದಿನ ಹಾಕಿದಿರಿ, ಹೇಗೆ ಇಟ್ಟಿದ್ದಿರಿ ಅನ್ನುವುದೇ ದೊಡ್ಡದು. ಹಾಗಾಗಿ ಈ ಲೇಖನದಲ್ಲಿ ದಿನ ಗೊತ್ತು ಮಾಡುವ ಬಗ್ಗೆ, ಬಾಟಲಿ ಜೋಪಾನ ಮಾಡುವ ಬಗ್ಗೆ ಜಾಸ್ತಿ ಬರೆದಿದ್ದೇನೆ. ಸೂಜಿ ಚುಚ್ಚುವುದು ಅದಕ್ಕೆ ಹೋಲಿಸಿದರೆ ಸಣ್ಣ ಕೆಲಸ.

ಮೊದಲು, ಯಾವ ರೋಗಗಳ ಮಾತು ಇದು?

ದನಗಳಲ್ಲಿ ಕೆಮ್ಮು, ಜ್ವರ, ಸಿಂಬಳ, ಏದುಸಿರು ಕಂಡರೆ ಅದರ ಹಿಂದೆ ಒಂದೇ ರೋಗಾಣು ಇರುವುದು ಕಡಿಮೆ. ಸಾಮಾನ್ಯವಾಗಿ ಮೊದಲು ವೈರಸ್ ಬಂದು ಮೂಗು, ಗಂಟಲು, ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ. ಮೂಗಿನಲ್ಲಿ ಮೊದಲಿನಿಂದಲೂ ಸುಮ್ನೆ ಇದ್ದ ಬ್ಯಾಕ್ಟೀರಿಯಾಗಳು ಆಮೇಲೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಮ್ಯಾನ್‌ಹೈಮಿಯಾ, ಪಾಶ್ಚುರೆಲ್ಲಾ, ಹಿಸ್ಟೋಫಿಲಸ್, ಮೈಕೋಪ್ಲಾಸ್ಮಾ ಇವು ಮುಖ್ಯವಾದವು. ದನವನ್ನು ಕೊಲ್ಲುವುದು ಹೆಚ್ಚಾಗಿ ಈ ಎರಡನೇ ಗುಂಪೇ. ಆದರೆ ಅದಕ್ಕೆ ಬಾಗಿಲು ತೆಗೆದುಕೊಡುವುದು ವೈರಸ್. ಲಸಿಕೆಯಿಂದ ನಾವು ಮುಚ್ಚಲು ನೋಡುವುದು ಆ ಬಾಗಿಲನ್ನು.

ಲಸಿಕೆ ಇರುವ ಮುಖ್ಯ ವೈರಸ್‌ಗಳು ನಾಲ್ಕು.

ಐಬಿಆರ್ (ಇನ್ಫೆಕ್ಷಿಯಸ್ ಬೊವೈನ್ ರೈನೋಟ್ರೇಕಿಯೈಟಿಸ್, ಅಂದರೆ ದನಗಳ ಮೂಗು-ಶ್ವಾಸನಾಳದ ಅಂಟುರೋಗ): ಇದು ಹರ್ಪಿಸ್ ಜಾತಿಯ ವೈರಸ್. ಜೋರು ಜ್ವರ, ಕೆಂಪಾದ ಮೂಗು, ಕಣ್ಣಲ್ಲಿ ನೀರು ಮತ್ತು ಗೀಜು, ಹಾಲು ದಿಢೀರ್ ಇಳಿಯುವುದು ಇದರ ಲಕ್ಷಣ. ಗಬ್ಬದ ಹಸು ಕಂದು ಹಾಕಲೂಬಹುದು. ಇದರ ಕೆಟ್ಟ ಬುದ್ಧಿ ಏನೆಂದರೆ, ದನ ಗುಣವಾದರೂ ವೈರಸ್ ಮೈಬಿಟ್ಟು ಹೋಗುವುದಿಲ್ಲ. ತಲೆಯ ನರದ ಗಂಟಿನಲ್ಲಿ ಜೀವನಪೂರ್ತಿ ಅಡಗಿ ಕೂರುತ್ತದೆ. ಕರು ಹಾಕಿದಾಗ, ದೂರ ಪ್ರಯಾಣ ಮಾಡಿದಾಗ, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಾಗ ಮತ್ತೆ ಎದ್ದು ಮೂಗಿನಿಂದ ಹೊರಬರುತ್ತದೆ. ನೋಡಲು ಗಟ್ಟಿಮುಟ್ಟಾಗಿರುವ ಹಸುವೇ ಕೊಟ್ಟಿಗೆಗೆ ರೋಗ ಹಂಚುವುದು ಹೀಗೆ.

ಬಿಆರ್‌ಎಸ್‌ವಿ (ಬೊವೈನ್ ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್): ಎಳೆಗರುಗಳಿಗೆ ಇದು ಬಲು ಅಪಾಯದ್ದು. ಆರು ತಿಂಗಳೊಳಗಿನ ಕರುಗಳು ಕತ್ತು ಮುಂದೆ ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಬರಬೇಕು. 1970ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಇದನ್ನು ಮೊದಲು ಬೇರ್ಪಡಿಸಿದರು.

ಪಿಐ-3 (ಪ್ಯಾರಾಇನ್‌ಫ್ಲುಯೆಂಜಾ-3): ಒಂಟಿಯಾಗಿ ಬಂದರೆ ಸಾಮಾನ್ಯವಾಗಿ ಸಣ್ಣ ನೆಗಡಿಯ ಮಟ್ಟಿಗೆ ಮುಗಿಯುತ್ತದೆ. ಬೇರೆಯವುಗಳ ಜೊತೆ ಸೇರಿದಾಗ ಕಾಟ ಕೊಡುತ್ತದೆ.

ಬಿವಿಡಿ (ಬೊವೈನ್ ವೈರಲ್ ಡಯೇರಿಯಾ): ಹೆಸರಿನಲ್ಲಿ ಭೇದಿ ಇದೆ. ಆದರೆ ಉಸಿರಾಟದ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಕ್ಕಿರುವುದು ದನದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ ಎಂಬ ಕಾರಣಕ್ಕೆ. ಇದರ ಬಗ್ಗೆ ಮುಂದೆ ಇನ್ನೊಂದಷ್ಟು ಹೇಳುವುದಿದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕಾಲುಬಾಯಿ ಜ್ವರದ ಲಸಿಕೆ ಆಗಿದೆ, ಗಳಲೆ ರೋಗದ್ದೂ ಆಗಿದೆ, ಇನ್ನೇನು ಬೇಕು ಅಂತ ಕೇಳುವವರಿದ್ದಾರೆ. ಎರಡೂ ಬೇಕಾದವೇ. ಆದರೆ ಅವು ಮೇಲಿನ ನಾಲ್ಕು ವೈರಸ್‌ಗಳಲ್ಲಿ ಒಂದನ್ನೂ ತಡೆಯುವುದಿಲ್ಲ. ಗಳಲೆ ರೋಗ ಬರುವುದು ಬ್ಯಾಕ್ಟೀರಿಯಾದಿಂದ, ಕಾಲುಬಾಯಿ ಜ್ವರ ಬೇರೆಯದೇ ವೈರಸ್‌ನಿಂದ.

ಹಂತ 1: ಪಶುವೈದ್ಯರ ಹತ್ತಿರ ಕೂತು ದಿನ ಗೊತ್ತು ಮಾಡಿ

ಲಸಿಕೆ ಹಾಕಿದ ಮಾರನೇ ದಿನವೇ ರಕ್ಷಣೆ ಬರುವುದಿಲ್ಲ. ಮೈ ಅದನ್ನು ಗುರುತಿಸಿ ಪ್ರತಿಕಾಯ (ರೋಗಾಣುವನ್ನು ತಡೆಯುವ ಪ್ರೊಟೀನು) ತಯಾರಿಸಲು ಕನಿಷ್ಠ ಎರಡು ವಾರ ಬೇಕು. ಆದ್ದರಿಂದ ಲೆಕ್ಕ ಯಾವಾಗಲೂ ಹಿಂದಿನಿಂದ ಶುರುವಾಗಬೇಕು. ಅಪಾಯದ ದಿನ ಯಾವುದು? ಕರುವನ್ನು ತಾಯಿಯಿಂದ ಬಿಡಿಸುವ ದಿನ, ಮಾರುವ ದಿನ, ಬೇರೆ ಬೇರೆ ಕಡೆಯ ದನಗಳನ್ನು ಒಟ್ಟು ಸೇರಿಸುವ ದಿನ, ಥಂಡಿ ಶುರುವಾಗುವ ಕಾಲ. ಆ ದಿನ ಗುರುತು ಮಾಡಿ. ಅಲ್ಲಿಂದ ಎರಡು ಮೂರು ವಾರ ಹಿಂದಕ್ಕೆ ಬಂದು, ಅಷ್ಟರೊಳಗೆ ಲಸಿಕೆಯ ಎಲ್ಲ ಡೋಸ್ ಮುಗಿಯುವಂತೆ ನೋಡಿಕೊಳ್ಳಿ. ಎರಡು ಡೋಸಿನ ಲಸಿಕೆಯಾದರೆ ಇನ್ನೂ ಎರಡರಿಂದ ನಾಲ್ಕು ವಾರ ಹಿಂದಕ್ಕೆ ಹೋಗಬೇಕು. ಅಂದರೆ ಒಟ್ಟು ಸುಮಾರು ಒಂದೂವರೆ ತಿಂಗಳ ಮುಂಚೆಯೇ ಯೋಚನೆ ಶುರುವಾಗಬೇಕು. ಬಹಳ ಜನ ಎಡವುವುದು ಇಲ್ಲೇ.

ಕರುಗಳು. ಹುಟ್ಟಿದ ಕರುವಿಗೆ ಮೊದಲ ಲಸಿಕೆ ಗಿಣ್ಣು ಹಾಲು ಅಂತಲೇ ತಿಳಿಯಿರಿ. ತಾಯಿಯ ಹೊಟ್ಟೆಯಲ್ಲಿ ಇರುವಾಗ ಕರುವಿಗೆ ಪ್ರತಿಕಾಯಗಳು ದಾಟುವುದಿಲ್ಲ. ಅವು ಸಿಗುವುದು ಗಿಣ್ಣಿನಿಂದ ಮಾತ್ರ. ಗಿಣ್ಣಿನ ಪ್ರತಿಕಾಯಗಳನ್ನು ಹೀರುವ ಶಕ್ತಿ ಕರುವಿನ ಕರುಳಿಗೆ ಗಂಟೆ ಗಂಟೆಗೂ ಕಡಿಮೆಯಾಗುತ್ತಾ ಹೋಗಿ, ಒಂದು ದಿನ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ ಮಾಸು ಬೀಳಲಿ ಅಂತ ಕಾಯಬೇಡಿ. ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಸಲ ಕುಡಿಸಿ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಮೊದಲ ಆರು ಗಂಟೆಯಲ್ಲಿ ಒಳಗೆ ಹೋಗಬೇಕು. 30 ಕಿಲೋ ಕರುವಿಗೆ ಅದು ಮೂರು ಲೀಟರ್. ಒಂದೇ ಸಲಕ್ಕೆ ಬೇಡ, ಎರಡು ಮೂರು ಸಲ ಮಾಡಿ ಕುಡಿಸಿದರಾಯಿತು.

ಈ ತಾಯಿ ಪ್ರತಿಕಾಯಗಳಿಂದ ಒಂದು ತೊಡಕೂ ಇದೆ. ಅವು ಕರುವಿನ ರಕ್ತದಲ್ಲಿ ಜಾಸ್ತಿ ಇರುವಾಗ ಚುಚ್ಚುಮದ್ದು ಹಾಕಿದರೆ, ಲಸಿಕೆಯನ್ನೂ ರೋಗಾಣು ಅಂತಲೇ ಹೊಡೆದುಹಾಕುತ್ತವೆ. ಕರುವಿಗೆ ಸ್ವಂತ ಶಕ್ತಿ ಬೆಳೆಯುವುದೇ ಇಲ್ಲ. ಈ ತಡೆ ನಾಲ್ಕರಿಂದ ಆರು ತಿಂಗಳವರೆಗೂ ಇರಬಹುದು. ಹಾಗಂತ ಅಷ್ಟು ದಿನ ಸುಮ್ನೆ ಕೂರುವಂತೆಯೂ ಇಲ್ಲ. ಬಿಆರ್‌ಎಸ್‌ವಿ ಕಾಡುವುದು ಇದೇ ವಯಸ್ಸಿನಲ್ಲಿ ತಾನೇ? ಇದಕ್ಕೆ ದಾರಿ ಮೂಗಿಗೆ ಹಾಕುವ ಲಸಿಕೆ. ಅದು ಮೂಗಿನ ಒಳಪದರದಲ್ಲೇ ಕೆಲಸ ಮಾಡುವುದರಿಂದ ರಕ್ತದಲ್ಲಿರುವ ತಾಯಿ ಪ್ರತಿಕಾಯಗಳ ಅಡ್ಡಿ ಕಡಿಮೆ. ಕೆಲವನ್ನು ಹುಟ್ಟಿದ ಮೊದಲ ಒಂದೆರಡು ವಾರದಲ್ಲೇ ಹಾಕಬಹುದು. ಆದರೆ ಅದರ ರಕ್ಷಣೆ ಬಹಳ ಕಾಲ ಬರುವುದಿಲ್ಲ. ಎರಡು ಮೂರು ತಿಂಗಳು ಅಂತಿಟ್ಟುಕೊಳ್ಳಿ. ಆಮೇಲೆ ಚುಚ್ಚುಮದ್ದಿನಿಂದ ಮುಂದುವರಿಸಬೇಕು. ಎರಡು ಮೂರು ತಿಂಗಳಿಗೇ ಚುಚ್ಚುಮದ್ದು ಹಾಕಿಸಿದ್ದರೆ, ಐದಾರು ತಿಂಗಳಿಗೆ ಇನ್ನೊಂದು ಸಲ ಖಂಡಿತ ಹಾಕಿಸಿ.

ಮಣಕಗಳು ಮತ್ತು ಗಬ್ಬ ಕಟ್ಟಬೇಕಾದ ಹಸುಗಳು. ಬೆದೆಗೆ ಬಂದು ಹೋರಿ ಬಿಡಿಸುವ ಅಥವಾ ಕೃತಕ ಗರ್ಭಧಾರಣೆ ಮಾಡಿಸುವ ನಾಲ್ಕರಿಂದ ಎಂಟು ವಾರ ಮೊದಲು ಲಸಿಕೆ ಮುಗಿದಿರಬೇಕು. ಜೀವಂತ (ಬಲ ಕುಗ್ಗಿಸಿದ ಜೀವಂತ ವೈರಸ್ ಇರುವ) ಐಬಿಆರ್ ಲಸಿಕೆಯನ್ನು ಬೆದೆಯ ಹತ್ತಿರ ಹತ್ತಿರ ಹಾಕಿದರೆ ಅಂಡಾಶಯಕ್ಕೆ ಉರಿಯೂತ ತಾಗಿ ಆ ಸಲ ಗಬ್ಬ ನಿಲ್ಲದೇ ಹೋಗಬಹುದು. ಎಂದೂ ಲಸಿಕೆ ಕಾಣದ ಮಣಕಗಳಲ್ಲಿ ಈ ಅಪಾಯ ಜಾಸ್ತಿ.

ಗಬ್ಬದ ಹಸುಗಳು. ಇವುಗಳ ವಿಷಯದಲ್ಲಿ ನಿಮ್ಮ ಸ್ವಂತ ಲೆಕ್ಕ ಬೇಡವೇ ಬೇಡ. ಜೀವಂತ ಲಸಿಕೆ ಗಬ್ಬದ ಹಸುವನ್ನು ಕಂದು ಹಾಕಿಸಬಹುದು. ಕೆಲವು ಲಸಿಕೆಗಳನ್ನು ಹಾಕಬಹುದಾದರೂ, ಅದೇ ಲಸಿಕೆಯನ್ನು ಗಬ್ಬ ಕಟ್ಟುವ ಮೊದಲೇ ನಿಯಮದ ಪ್ರಕಾರ ಹಾಕಿಸಿರಬೇಕು ಎಂಬ ಷರತ್ತು ಲೇಬಲ್ಲಿನಲ್ಲೇ ಇರುತ್ತದೆ. ಗಬ್ಬದ ಹಸುವಿನ ಹಾಲು ಕುಡಿಯುತ್ತಿರುವ ಕರುವಿಗೂ ಎಷ್ಟೋ ಸಲ ಇದೇ ಷರತ್ತು ಅನ್ವಯ. ಹಳೆಯ ದಾಖಲೆ ಇಲ್ಲದಿದ್ದರೆ ಕೊಂದ ವೈರಸ್‌ನ ಲಸಿಕೆಯೇ ಕ್ಷೇಮ. ಹಾಲು ಬತ್ತಿಸಿದ ಮೇಲೆ, ಕರು ಹಾಕಲು ಒಂದರಿಂದ ಎರಡು ತಿಂಗಳಿರುವಾಗ ಅದನ್ನು ಹಾಕಿಸಿದರೆ ಪ್ರತಿಕಾಯಗಳು ಗಿಣ್ಣಿಗೆ ಇಳಿಯುತ್ತವೆ. ಆಗ ಒಂದು ಚುಚ್ಚಿನಲ್ಲಿ ಹಸುವಿಗೂ ಕರುವಿಗೂ ಉಪಕಾರ. ಆದರೆ ಕರು ಬೇಗ ಬೇಗ ಗಿಣ್ಣು ಕುಡಿಯದಿದ್ದರೆ ಈ ಖರ್ಚೆಲ್ಲ ನೀರಲ್ಲಿ ಹೋಮ.

ಹೊಸದಾಗಿ ತಂದ ದನ. ಇಳಿಸಿದ ತಕ್ಷಣ ಚುಚ್ಚುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಪ್ರಯಾಣದಿಂದ ಬಳಲಿ, ನೀರಡಿಸಿ ಬಂದ ದನದ ಮೈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಬೇರೆ ಕಡೆ ಕಟ್ಟಿ, ನೀರು, ಮೇವು ಕೊಟ್ಟು ಸುಧಾರಿಸಿಕೊಳ್ಳಲು ಬಿಡಿ. ಮೂರು ನಾಲ್ಕು ವಾರ ಉಳಿದ ದನಗಳಿಂದ ದೂರವೇ ಇರಲಿ. ಅಷ್ಟರಲ್ಲಿ ಪರೀಕ್ಷೆಯೂ ಆಗುತ್ತದೆ, ಲಸಿಕೆಯೂ ಆಗುತ್ತದೆ.

ಹಂತ 2: ಯಾವ ಬಗೆಯ ಲಸಿಕೆ

ದೊಡ್ಡದಾಗಿ ಎರಡು ಬಗೆ. ಒಂದು, ಬಲ ಕುಗ್ಗಿಸಿದ ಜೀವಂತ ವೈರಸ್ ಇರುವುದು. ಇನ್ನೊಂದು, ಕೊಂದ ವೈರಸ್ ಇರುವುದು.

ಜೀವಂತ ಲಸಿಕೆ ಒಣ ಪುಡಿ ಅಥವಾ ಬಿಲ್ಲೆಯ ರೂಪದಲ್ಲಿ ಒಂದು ಬಾಟಲಿಯಲ್ಲಿ, ಬೆರೆಸುವ ದ್ರಾವಣ ಇನ್ನೊಂದರಲ್ಲಿ ಬರುತ್ತದೆ. ಬೇಗ ಕೆಲಸ ಶುರು ಮಾಡುತ್ತದೆ, ರಕ್ಷಣೆಯೂ ಅಗಲವಾಗಿರುತ್ತದೆ. ಆದರೆ ಬಹಳ ನಾಜೂಕು. ಬಿಸಿ, ಬಿಸಿಲು, ಸೋಪು, ಡೆಟಾಲು ಯಾವುದು ತಾಗಿದರೂ ಸಾಯುತ್ತದೆ. ಕೊಂದ ವೈರಸ್‌ನ ಲಸಿಕೆ ದ್ರವವಾಗಿಯೇ ಬರುತ್ತದೆ. ಗಬ್ಬದ ಹಸುಗಳಿಗೆ ಕ್ಷೇಮ. ಆದರೆ ಮೊದಲ ಸಲ ಹಾಕಿಸುವಾಗ ಎರಡು ಡೋಸ್ ಬೇಕೇ ಬೇಕು, ನಡುವೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಮೊದಲ ಡೋಸಿನಿಂದ ಮೈ ರೋಗಾಣುವನ್ನು ಗುರುತು ಹಿಡಿಯುತ್ತದೆ ಅಷ್ಟೇ. ನಿಜವಾದ ರಕ್ಷಣೆ ಬರುವುದು ಎರಡನೆಯದರ ನಂತರ. ಒಂದೇ ಡೋಸ್ ಹಾಕಿಸಿ ಬಿಟ್ಟರೆ ಹಾಕಿಸದಿದ್ದಂತೆಯೇ ಲೆಕ್ಕ. ಆಮೇಲೆ ಲೇಬಲ್ ಹೇಳಿದಂತೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಬೂಸ್ಟರ್.

ನಾಲ್ಕೂ ವೈರಸ್‌ಗಳನ್ನು ಒಟ್ಟಿಗೆ ಸೇರಿಸಿದ ಲಸಿಕೆಗಳು ಬರುತ್ತವೆ, ಒಂದೋ ಎರಡೋ ಮಾತ್ರ ಇರುವವೂ ಇವೆ. ಬಾಟಲಿಯ ಮೇಲೆ ಯಾವ ಯಾವ ಹೆಸರಿದೆ ಅಂತ ಓದಿಯೇ ತೆಗೆದುಕೊಳ್ಳಿ. ಬಿವಿಡಿಯಲ್ಲಿ ಟೈಪ್ 1, ಟೈಪ್ 2 ಅಂತ ಮುಖ್ಯವಾಗಿ ಎರಡಿವೆ. ಒಂದರ ಲಸಿಕೆ ಇನ್ನೊಂದನ್ನು ಪೂರ್ತಿ ತಡೆಯುತ್ತದೆ ಅಂತ ನಂಬಿ ಕೂರಬಾರದು.

ಐಬಿಆರ್‌ಗೆ ಮಾರ್ಕರ್ ಲಸಿಕೆ ಅಂತ ಒಂದಿದೆ. ಅದರಲ್ಲಿ ವೈರಸ್‌ನ 'ಜಿಇ' ಎಂಬ ಪ್ರೊಟೀನನ್ನು ತೆಗೆದಿರುತ್ತಾರೆ. ರಕ್ತ ಪರೀಕ್ಷೆಯಲ್ಲಿ ಆ ಪ್ರೊಟೀನಿನ ವಿರುದ್ಧದ ಪ್ರತಿಕಾಯ ಕಂಡರೆ ದನಕ್ಕೆ ನಿಜವಾದ ಸೋಂಕು ತಗುಲಿದೆ, ಕಾಣದಿದ್ದರೆ ಇರುವುದು ಲಸಿಕೆಯ ಪ್ರತಿಕಾಯ ಮಾತ್ರ ಅಂತ ಬೇರ್ಪಡಿಸಬಹುದು. ಸಾಮಾನ್ಯ ಲಸಿಕೆ ಹಾಕಿದ ದನದಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನಂಥ ದೇಶಗಳು ಐಬಿಆರ್ ಅನ್ನು ಪೂರ್ತಿ ತೊಲಗಿಸಿವೆ. ರೋಗ ತೊಲಗಿಸಿದ ಕಡೆ ಲಸಿಕೆಗೆ ನಿರ್ಬಂಧ ಇರುತ್ತದೆ. ತೊಲಗಿಸಲು ಹೊರಟ ಕಡೆ ಮಾರ್ಕರ್ ಲಸಿಕೆಗೆ ಮಾತ್ರ ಅನುಮತಿ ಇರಬಹುದು. ಆದ್ದರಿಂದ ನೀವಿರುವಲ್ಲಿ ಯಾವುದಕ್ಕೆ ಅನುಮತಿ ಇದೆ ಅಂತ ಕೇಳಿ ತಿಳಿದ ಮೇಲೇ ಬಾಟಲಿ ತರಿಸಿ. ಹೋರಿ ಸಾಕುವವರು, ತಳಿ ದನ ಮಾರುವವರು ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ಒಂದು ಸಲ ಪ್ರತಿಕಾಯ ಬಂದರೆ ಪರೀಕ್ಷೆಯಲ್ಲಿ ದನ 'ಪಾಸಿಟಿವ್' ಆಗಿಬಿಡುತ್ತದೆ.

ಹಂತ 3: ಬಾಟಲಿ ಜೋಪಾನ

ಲಸಿಕೆ ತಯಾರಾದಲ್ಲಿಂದ ದನದ ಕತ್ತಿನವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಣ್ಣಗೆ ಇರಬೇಕು. ತೆಗೆದುಕೊಳ್ಳಲು ಹೋಗುವಾಗಲೇ ಐಸ್ ಪ್ಯಾಕ್ ಹಾಕಿದ ಡಬ್ಬಿ ಕೈಯಲ್ಲಿರಲಿ. ಬಾಟಲಿ ಐಸ್‌ಗೆ ನೇರವಾಗಿ ತಾಗದಂತೆ ನಡುವೆ ಬಟ್ಟೆಯೋ ಕಾಗದವೋ ಇಡಿ. ಹೆಪ್ಪುಗಟ್ಟಿದ ಲಸಿಕೆ ಬಿಸಿಯಾದ ಲಸಿಕೆಯಷ್ಟೇ ವ್ಯರ್ಥ. ಕೊಂದ ವೈರಸ್‌ನ ಲಸಿಕೆ ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ದನಕ್ಕೆ ತೊಂದರೆಯನ್ನೂ ಕೊಡಬಹುದು.

ಫ್ರಿಜ್‌ನಲ್ಲಿ ಇಡುವುದಾದರೆ ಬಾಗಿಲಲ್ಲಿ ಇಡಬೇಡಿ. ತೆರೆದು ಮುಚ್ಚುವಾಗೆಲ್ಲ ಅಲ್ಲಿ ತಾಪ ಏರಿಳಿಯುತ್ತದೆ. ಹಿಂಬದಿಯ ಗೋಡೆಗೂ ಅಂಟಿಸಬೇಡಿ, ಅಲ್ಲಿ ಹೆಪ್ಪುಗಟ್ಟುತ್ತದೆ. ನಡುವಿನ ತಟ್ಟೆಯ ಮಧ್ಯದಲ್ಲಿ, ಪಕ್ಕಕ್ಕೊಂದು ಸಣ್ಣ ಥರ್ಮಾಮೀಟರ್ ಇಟ್ಟು ಇಡಿ. ಹಳೆಯ ಫ್ರಿಜ್ ಎಷ್ಟು ತಣ್ಣಗಿದೆ ಅಂತ ನಾವು ಅಂದುಕೊಂಡಿರುತ್ತೇವೋ ಅದಕ್ಕೂ ನಿಜಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ಜೀವಂತ ಲಸಿಕೆ ಬೆರೆಸುವುದು ಹೀಗೆ. ಶುದ್ಧವಾದ ಸೂಜಿಯಿಂದ ಸ್ವಲ್ಪ ದ್ರಾವಣ ಎಳೆದು ಪುಡಿಯ ಬಾಟಲಿಗೆ ಬಿಡಿ. ಬಾಟಲಿಯನ್ನು ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಿ. ಜೋರಾಗಿ ಕುಲುಕಬೇಡಿ, ನೊರೆ ಎದ್ದರೆ ಡೋಸ್ ಅಳತೆಯೂ ತಪ್ಪುತ್ತದೆ. ಪುಡಿ ಪೂರ್ತಿ ಕರಗಿದ ಮೇಲೆ ಅದನ್ನು ಎಳೆದು ದ್ರಾವಣದ ಬಾಟಲಿಗೇ ವಾಪಸ್ ಸೇರಿಸಿ, ಮತ್ತೆ ಹೊರಳಿಸಿ. ಬೆರೆಸಿದ ಕ್ಷಣದಿಂದ ಗಡಿಯಾರ ಓಡಲು ಶುರು. ಒಂದು ಗಂಟೆಯೊಳಗೆ ಮುಗಿಸುವುದು ಒಳ್ಳೆಯ ಪದ್ಧತಿ, ಲೇಬಲ್ಲಿನಲ್ಲಿ ಬೇರೆ ಸಮಯ ಇದ್ದರೆ ಅದರಂತೆ ಮಾಡಿ. ಒಂದು ಗಂಟೆಯಲ್ಲಿ ಎಷ್ಟು ದನ ಆಗುತ್ತದೋ ಅಷ್ಟಕ್ಕೆ ಮಾತ್ರ ಬೆರೆಸಿ. ಉಳಿದದ್ದನ್ನು ನಾಳೆಗೆ ಇಡುವುದು ಅಂದರೆ ನಾಳೆ ಬರೀ ನೀರು ಚುಚ್ಚಿದ ಹಾಗೆ.

ಇಲ್ಲೇ ಸಣ್ಣ ಸಾಕಣೆದಾರರ ಕಷ್ಟ. ಬಾಟಲಿ ಹತ್ತು ಡೋಸಿನದು, ಕೊಟ್ಟಿಗೆಯಲ್ಲಿ ಇರುವುದು ಮೂರು ದನ. ಅಕ್ಕಪಕ್ಕದವರ ಜೊತೆ ಮಾತಾಡಿ ಒಂದೇ ಬೆಳಿಗ್ಗೆ ಎಲ್ಲರ ದನಕ್ಕೂ ಹಾಕಿಸುವುದೇ ಇದಕ್ಕೆ ಸರಿಯಾದ ದಾರಿ. ಆದರೆ ದನಗಳನ್ನು ಒಂದೇ ಕಡೆ ಹೊಡೆದುಕೊಂಡು ಬರಬೇಡಿ. ಲಸಿಕೆಯೇ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಲಿ. ಸೂಜಿ, ಕೈ, ಬೂಟು ಪ್ರತಿ ಕಡೆ ಬದಲಾಗಬೇಕು ಅಥವಾ ಶುದ್ಧವಾಗಬೇಕು.

ಸಿರಿಂಜ್ ತೊಳೆಯುವ ವಿಷಯದಲ್ಲಿ ಅತಿ ಸ್ವಚ್ಛತೆಯೇ ಮುಳುವಾಗುವುದುಂಟು. ಮತ್ತೆ ಮತ್ತೆ ಬಳಸುವ ಸಿರಿಂಜಿನ ಒಳಭಾಗವನ್ನು ಸೋಪು, ಸ್ಪಿರಿಟ್, ಡೆಟಾಲ್‌ನಿಂದ ತೊಳೆದರೆ ಅದರ ಅಂಶ ಉಳಿದು ಜೀವಂತ ಲಸಿಕೆಯನ್ನು ಕೊಲ್ಲುತ್ತದೆ. ಬಿಸಿ ನೀರಲ್ಲಿ ಹಲವು ಸಲ ಎಳೆದು ಚೆಲ್ಲಿ, ಕುದಿಸಿ, ಪೂರ್ತಿ ಆರಿದ ಮೇಲೆ ಬಳಸಿ. ಒಂದು ಸಲ ಬಳಸಿ ಎಸೆಯುವ ಸಿರಿಂಜ್ ಆದರೆ ಈ ಚಿಂತೆಯೇ ಇಲ್ಲ.

ಹಂತ 4: ಆ ಬೆಳಿಗ್ಗೆ, ಯಾವ ದನಕ್ಕೆ ಬೇಡ

ಬಿಸಿಲೇರುವ ಮೊದಲೇ ಕೆಲಸ ಮುಗಿಸಿ. ಸೆಕೆಗೆ ಏದುಸಿರು ಬಿಡುತ್ತಿರುವ ದನಕ್ಕೆ ಲಸಿಕೆ ಇನ್ನೊಂದು ಹೊರೆ.

ಸಾಲಾಗಿ ನಿಂತು ಒಂದೊಂದನ್ನೇ ನೋಡಿ. ಮೇವು ತಿಂದಿದೆಯಾ? ಮೆಲುಕು ಹಾಕುತ್ತಿದೆಯಾ? ಮೂಗು ಒದ್ದೆಯಾಗಿದೆಯಾ? ಅನುಮಾನ ಬಂದರೆ ಥರ್ಮಾಮೀಟರ್ ಹಾಕಿ. ದೊಡ್ಡ ದನದ ಮೈಶಾಖ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದ್ದರೆ ಆ ದಿನ ಲಸಿಕೆ ಬೇಡ, ವೈದ್ಯರಿಗೆ ತೋರಿಸಿ. ಬಡಕಲಾದ, ಭೇದಿ ಇರುವ, ಹೊಟ್ಟೆ ತುಂಬ ಜಂತು ಇರುವ ದನಗಳನ್ನು ಮೊದಲು ಸುಧಾರಿಸಿ. ಕೊಂಬು ಸುಡುವುದು, ಬೀಜ ಒಡೆಸುವುದು, ತಾಯಿಯಿಂದ ಬಿಡಿಸುವುದು ಇವನ್ನೆಲ್ಲ ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಕೆಲಸ ಒಂದೇ ದಿನ ಮುಗಿಯಲಿ ಅನ್ನುವ ನಮ್ಮ ಆಸೆ ಕರುವಿನ ಮೈಗೆ ಭಾರ. ಸ್ಟೀರಾಯ್ಡ್ ಚಿಕಿತ್ಸೆ ನಡೆಯುತ್ತಿದ್ದರೆ ಅದನ್ನೂ ಮೊದಲೇ ಹೇಳಿ.

ದನವನ್ನು ಗಟ್ಟಿಯಾಗಿ, ಆದರೆ ಗಲಾಟೆ ಇಲ್ಲದೆ ಹಿಡಿಯಬೇಕು. ಟ್ರೆವಿಸ್ (ದನವನ್ನು ಅಲುಗಾಡದಂತೆ ನಿಲ್ಲಿಸುವ ಚೌಕಟ್ಟು) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಟ್ಟಿ ಕಂಬಕ್ಕೆ ತಲೆ ಬಿಗಿದು ಕಟ್ಟಿ, ದಿನಾ ಮೇವು ಹಾಕುವವರೇ ಪಕ್ಕದಲ್ಲಿ ನಿಲ್ಲಲಿ. ಬೆದರಿಸಿ, ಓಡಿಸಿ, ಹೊಡೆದು ಹಿಡಿದರೆ ಅರ್ಧ ಕೆಲಸ ಅಲ್ಲೇ ಕೆಟ್ಟಂತೆ.

ಹಂತ 5: ಚುಚ್ಚುವುದು, ಮೂಗಿಗೆ ಬಿಡುವುದು

ಡೋಸ್ ಹೆಚ್ಚಿನ ಲಸಿಕೆಗಳಲ್ಲಿ 2 ಮಿಲಿ. ಕರು ಚಿಕ್ಕದು ಅಂತ ಅರ್ಧ ಹಾಕುವುದು, ಹೋರಿ ದೊಡ್ಡದು ಅಂತ ಒಂದೂವರೆ ಹಾಕುವುದು ಎರಡೂ ತಪ್ಪು. ಲಸಿಕೆಯ ಅಳತೆಗೂ ಮೈತೂಕಕ್ಕೂ ಸಂಬಂಧವಿಲ್ಲ.

ಜಾಗ ಕತ್ತು. ಕತ್ತಿನ ಪಕ್ಕದಲ್ಲಿ ಒಂದು ತ್ರಿಕೋನ ಇದೆ. ಮೇಲೆ ಕತ್ತಿನ ಏಣಿನ ಗಟ್ಟಿ ನಾರು, ಕೆಳಗೆ ಕತ್ತಿನ ಮೂಳೆ, ಹಿಂದೆ ಭುಜದ ಅಂಚು. ಭುಜದ ಅಂಚಿಗೆ ಅಂಗೈ ಒತ್ತಿ ಇಟ್ಟರೆ, ಅಂಗೈ ಮುಂದಿನ ಮೆತ್ತನೆಯ ಭಾಗವೇ ಅದು. ಪೃಷ್ಠಕ್ಕೆ, ತೊಡೆಗೆ ಚುಚ್ಚುವ ಹಳೆಯ ರೂಢಿ ಬಿಡಿ.

ಚರ್ಮದ ಕೆಳಗೆ ಹಾಕುವುದಾದರೆ ಮುಕ್ಕಾಲು ಇಂಚಿನ ಒಳಗಿನ ಗಿಡ್ಡ ಸೂಜಿ, 16 ಅಥವಾ 18 ಗೇಜ್ ದಪ್ಪದ್ದು. ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಎತ್ತಿ ಹಿಡಿಯಿರಿ. ಎತ್ತಿದ ಮಡಿಕೆಯ ಬುಡಕ್ಕೆ ಸೂಜಿಯನ್ನು ಓರೆಯಾಗಿ ನುಗ್ಗಿಸಿ. ಸೂಜಿಯ ತುದಿ ಒಳಗೆ ಸಲೀಸಾಗಿ ಅತ್ತಿತ್ತ ಆಡಬೇಕು. ಆಡದಿದ್ದರೆ ಮಾಂಸದೊಳಗೆ ಹೋಗಿದೆ ಅಂತ ಅರ್ಥ. ಮಡಿಕೆಯ ಇನ್ನೊಂದು ಬದಿಯಿಂದ ತುದಿ ಹೊರಬಂದು ಲಸಿಕೆ ರೋಮಕ್ಕೆ ಸೋರುವುದೂ ಉಂಟು, ಬೆರಳಿಗೆ ಒದ್ದೆ ತಾಗಿತೇ ನೋಡಿ. ಮಾಂಸಕ್ಕೆ ಹಾಕುವುದಾದರೆ ಒಂದರಿಂದ ಒಂದೂವರೆ ಇಂಚಿನ ಸೂಜಿ, ನೇರವಾಗಿ. ಎರಡೂ ದಾರಿಗೆ ಅನುಮತಿ ಇದ್ದರೆ ಚರ್ಮದ ಕೆಳಗೇ ಹಾಕಿಸಿ, ಮಾಂಸ ಕೆಡುವುದಿಲ್ಲ.

ಪ್ರತಿ ದನಕ್ಕೂ ಹೊಸ ಸೂಜಿ ಅನ್ನುವುದು ನನ್ನ ಹಠ. ಒಂದು ದನದ ರಕ್ತದಲ್ಲಿರುವ ರೋಗ ಸೂಜಿಯ ಮೂಲಕ ಇನ್ನೊಂದಕ್ಕೆ ದಾಟುತ್ತದೆ. ಲಸಿಕೆಗೆ ಇಷ್ಟು ಖರ್ಚು ಮಾಡಿ ಸೂಜಿಯಲ್ಲಿ ಉಳಿಸುವುದರಲ್ಲಿ ಅರ್ಥವಿಲ್ಲ. ಬಾಗಿದ ಸೂಜಿಯನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವುದಂತೂ ಕೂಡದು, ಅದು ಒಳಗೇ ಮುರಿಯುತ್ತದೆ. ಒಂದು ದನಕ್ಕೆ ಚುಚ್ಚಿದ ಸೂಜಿಯನ್ನು ಬಾಟಲಿಯ ರಬ್ಬರಿಗೆ ಮತ್ತೆ ಹಾಕಬೇಡಿ. ಎಳೆಯಲೆಂದೇ ಒಂದು ಸೂಜಿ ಬಾಟಲಿಯಲ್ಲಿ ಇರಲಿ. ಎರಡು ಬೇರೆ ಲಸಿಕೆಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸಬೇಡಿ. ಒಂದೇ ದಿನ ಎರಡು ಹಾಕಲು ವೈದ್ಯರು ಹೇಳಿದ್ದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ.

ಮೂಗಿನ ಲಸಿಕೆಗೆ ಸೂಜಿಯ ಬದಲು ಸಿರಿಂಜಿಗೆ ಸಿಕ್ಕಿಸುವ ಪ್ಲಾಸ್ಟಿಕ್ ನಳಿಕೆ ಇರುತ್ತದೆ. ಕರುವಿನ ಗದ್ದ ಹಿಡಿದು ಮೂಗು ಸ್ವಲ್ಪ ಮೇಲೆ ಬರುವಂತೆ ಎತ್ತಿ. ಉಸಿರು ಒಳಗೆಳೆಯುವ ಹೊತ್ತಿಗೆ ಒಂದೇ ಸಲ ಬಿಡಿ. ಕೆಲವು ಲಸಿಕೆ ಎರಡೂ ಹೊಳ್ಳೆಗೆ ಒಂದೊಂದು ಮಿಲಿ, ಕೆಲವು ಒಂದೇ ಹೊಳ್ಳೆಗೆ ಎರಡು ಮಿಲಿ. ಬಿಟ್ಟ ಮೇಲೆ ಕೆಲವು ಕ್ಷಣ ತಲೆ ಎತ್ತಿಯೇ ಹಿಡಿದಿರಿ. ಕರು ಸೀನಿ ಸ್ವಲ್ಪ ಹೊರಹಾಕಿದರೆ ಗಾಬರಿ ಬೇಡ. ಪ್ರತಿ ಕರುವಿಗೂ ಬೇರೆ ನಳಿಕೆ.

ನಿಮ್ಮ ಕೈಗೇ ಚುಚ್ಚಿಕೊಂಡರೆ? ಎಣ್ಣೆ ಬೆರೆತ ಲಸಿಕೆಯಾದರೆ ಅಸಡ್ಡೆ ಮಾಡಲೇಬೇಡಿ. ಬೆರಳಿನೊಳಗೆ ಹೋದ ಎಣ್ಣೆ ಬೆರಳನ್ನೇ ಕಳೆಯಬಹುದು. ನೋವು ಕಡಿಮೆ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ, ಲಸಿಕೆಯ ಚೀಟಿ ಜೊತೆಗೆ ಒಯ್ಯಿರಿ.

ಹಂತ 6: ಹಾಕಿದ ಮೇಲೆ

ಮೊದಲ ಒಂದು ಗಂಟೆ ಅಲ್ಲೇ ಇರಿ. ಅಪರೂಪಕ್ಕೆ ಒಂದು ದನಕ್ಕೆ ಅಲರ್ಜಿ ಆಗಬಹುದು. ಕಣ್ಣು, ಮುಖ ಊದುವುದು, ಜೊಲ್ಲು, ನಡುಕ, ಉಬ್ಬಸ, ಕುಸಿದು ಬೀಳುವುದು ಕಾಣುತ್ತದೆ. ಇದಕ್ಕೆ ಮದ್ದು ಅಡ್ರಿನಾಲಿನ್. ಅದು ವೈದ್ಯರ ಚೀಲದಲ್ಲಿ ಇದೆಯಾ ಅಂತ ಲಸಿಕೆ ಶುರುವಾಗುವ ಮೊದಲೇ ಕೇಳಿ, ಸಂಕೋಚ ಬೇಡ.

ಅದು ಬಿಟ್ಟರೆ ಒಂದೆರಡು ದಿನ ಸಣ್ಣ ಜ್ವರ, ಮೇವು ಕಡಿಮೆ, ಹಾಲು ಸ್ವಲ್ಪ ಇಳಿಯುವುದು, ಚುಚ್ಚಿದ ಕಡೆ ಗಂಟು ಇವೆಲ್ಲ ಮಾಮೂಲು. ಗಂಟು ಕೆಲವು ವಾರ ಉಳಿಯಬಹುದು. ಉಜ್ಜುವುದು, ಕೊಯ್ಯುವುದು ಬೇಡ. ಬಿಸಿಯಾಗಿ, ಕೀವು ತುಂಬಿ ದೊಡ್ಡದಾಗುತ್ತಾ ಹೋದರೆ ಮಾತ್ರ ತೋರಿಸಿ.

ಅದೇ ದಿನ ಬರೆದಿಡಿ: ಕಿವಿಯೋಲೆ ನಂಬರ್, ಲಸಿಕೆಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ, ಮುಂದಿನ ಡೋಸ್ ದಿನ. ಬಾಟಲಿಯ ಚೀಟಿ ಕಿತ್ತು ಪುಸ್ತಕಕ್ಕೆ ಅಂಟಿಸಿದರೂ ಸಾಕು. ಮಾಂಸಕ್ಕೆ ಮಾರುವ ದನವಾದರೆ ಎಷ್ಟು ದಿನ ಬಿಟ್ಟು ಮಾರಬೇಕು ಎಂಬುದು ಚೀಟಿಯಲ್ಲಿರುತ್ತದೆ, ಅದನ್ನೂ ಬರೆಯಿರಿ. ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ವೈದ್ಯರಿಗೇ ವಾಪಸ್ ಕೊಡಿ. ತಿಪ್ಪೆಗೆ ಎಸೆದ ಸೂಜಿ ಒಂದಲ್ಲ ಒಂದು ದಿನ ಯಾರದೋ ಕಾಲಿಗೆ ಸಿಗುತ್ತದೆ.

ಲಸಿಕೆ ಮಾಡಲಾಗದ ಕೆಲಸ

ಈಗ ಬಿವಿಡಿಗೆ ಬರೋಣ. ಹಸು ಗಬ್ಬದ ಮೊದಲ ನಾಲ್ಕು ತಿಂಗಳಲ್ಲಿ ಇರುವಾಗ ಈ ವೈರಸ್ ತಗುಲಿದರೆ, ಹೊಟ್ಟೆಯೊಳಗಿನ ಕರುವಿಗೆ ಅದು ಪರಕೀಯ ಅಂತ ಗೊತ್ತಾಗುವುದಿಲ್ಲ. ವೈರಸ್ ಅನ್ನು ತನ್ನದೇ ಮೈಯ ಭಾಗ ಅಂತ ಒಪ್ಪಿಕೊಂಡು ಹುಟ್ಟುತ್ತದೆ. ಆಮೇಲೆ ಬದುಕಿರುವಷ್ಟು ದಿನವೂ ಮೂಗು, ಜೊಲ್ಲು, ಸಗಣಿ, ಗಂಜಲದಲ್ಲಿ ವೈರಸ್ ಸುರಿಸುತ್ತಲೇ ಇರುತ್ತದೆ. ಇಂಥ ಕರು ನೋಡಲು ಗೆಲುವಾಗಿಯೂ ಇರಬಹುದು. ಅದಕ್ಕೆ ಎಷ್ಟು ಲಸಿಕೆ ಹಾಕಿದರೂ ಪ್ರಯೋಜನವಿಲ್ಲ. ಇಂಥದ್ದೊಂದು ಕೊಟ್ಟಿಗೆಯಲ್ಲಿದ್ದರೆ ಉಳಿದ ದನಗಳ ಲಸಿಕೆಯೂ ಸೋಲಬಹುದು. ಕಿವಿಯ ಅಂಚಿನ ಚೂರು ಚರ್ಮ ಪರೀಕ್ಷೆಗೆ ಕಳಿಸಿದರೆ ಇದು ಗೊತ್ತಾಗುತ್ತದೆ. ಲಸಿಕೆ ಸರಿಯಾಗಿ ಹಾಕಿಸಿದರೂ ಕರುಗಳು ಮತ್ತೆ ಮತ್ತೆ ಕಾಯಿಲೆ ಬೀಳುತ್ತಿದ್ದರೆ ಮೊದಲು ಮಾಡಿಸಬೇಕಾದ್ದು ಈ ಪರೀಕ್ಷೆ.

ಗಾಳಿಯ ವಿಷಯವೂ ಇದೆ. ಕರು ಮಲಗುವ ಎತ್ತರಕ್ಕೆ ನೀವೂ ಮಂಡಿಯೂರಿ ಕೂತು ಉಸಿರೆಳೆದು ನೋಡಿ. ಗಂಜಲದ ಘಾಟು ಕಣ್ಣಿಗೆ ಹತ್ತಿದರೆ ಆ ಕರುವಿನ ಶ್ವಾಸನಾಳ ಆಗಲೇ ಸೊರಗಿದೆ. ಒಣ ಹಾಸು, ಮೇಲ್ಗಡೆ ಗಾಳಿ ಹೊರಹೋಗಲು ಜಾಗ, ದೊಡ್ಡ ದನಗಳಿಂದ ಬೇರೆ ಜಾಗ ಇಷ್ಟಾದರೂ ಬೇಕು. ಥಂಡಿ ಅಂತ ಗೋಣಿಚೀಲ ಕಟ್ಟಿ ಎಲ್ಲ ಕಿಂಡಿಯನ್ನೂ ಮುಚ್ಚಿಬಿಟ್ಟರೆ ವೈರಸ್‌ಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ.

ರೋಗ ಆಗಲೇ ಬಂದುಬಿಟ್ಟಿದ್ದರೆ? ಕೆಮ್ಮುತ್ತಿರುವ ದನಕ್ಕೆ ಲಸಿಕೆ ಔಷಧಿಯಲ್ಲ. ಅವನ್ನು ಬೇರೆ ಕಟ್ಟಿ ಚಿಕಿತ್ಸೆ ಮಾಡಿಸಿ. ಇನ್ನೂ ಚೆನ್ನಾಗಿರುವ ಉಳಿದವಕ್ಕೆ ಮೂಗಿನ ಲಸಿಕೆ ಹಾಕಬಹುದೇ ಅಂತ ವೈದ್ಯರನ್ನು ಕೇಳಿ, ಅದು ಮೂರ್ನಾಲ್ಕು ದಿನದಲ್ಲೇ ಸ್ವಲ್ಪ ಆಸರೆ ಕೊಡುತ್ತದೆ. ಲಸಿಕೆ ಹಾಕಿದ ಮರುದಿನ ಒಂದು ದನ ಮಲಗಿದರೆ ಲಸಿಕೆಯಿಂದಲೇ ಬಂತು ಅನ್ನಬೇಡಿ. ಐಬಿಆರ್ ಸೋಂಕು ತಗುಲಿ ಲಕ್ಷಣ ಕಾಣಲು ಎರಡರಿಂದ ಆರು ದಿನ ಬೇಕು, ಅಂದರೆ ಸೋಂಕು ಮೊದಲೇ ಒಳಗಿತ್ತು.

ಯಾವ ವೈರಸ್ ಅಂತ ಪತ್ತೆ ಮಾಡಿಸುವುದಾದರೆ ಮೂಗಿನ ದ್ರವದ ಸ್ಯಾಂಪಲ್ ತೆಗೆಸಬೇಕು. ವಾರದಿಂದ ನರಳುತ್ತಿರುವ ದನದಿಂದ ಬೇಡ, ಅಷ್ಟರಲ್ಲಿ ವೈರಸ್ ಹೋಗಿ ಬ್ಯಾಕ್ಟೀರಿಯಾ ಮಾತ್ರ ಉಳಿದಿರುತ್ತದೆ. ನಿನ್ನೆಯೋ ಇವತ್ತೋ ಜ್ವರ ಬಂದ, ಮೂಗಿನಿಂದ ಇನ್ನೂ ತಿಳಿನೀರು ಸೋರುತ್ತಿರುವ ಎರಡು ಮೂರು ದನಗಳಿಂದ ತೆಗೆಸಿ, ತಣ್ಣಗೆ ಇಟ್ಟು ಅವತ್ತೇ ಪ್ರಯೋಗಾಲಯಕ್ಕೆ ಕಳಿಸಿ. ಮುಂದಿನ ವರ್ಷ ಯಾವ ಲಸಿಕೆ ತರಿಸಬೇಕು ಅಂತ ವೈದ್ಯರು ಆ ವರದಿ ನೋಡಿಯೇ ಹೇಳಬಹುದು.